ಹಗೇವಿನಿಂದ ಬಂದ ಬೆಲ್ಲ

ಹೋದ ಸೋಮವಾರ ನನ್ನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದೆವು. ಈ ಸಂತೋಷವನ್ನು ಎಲ್ಲಿ ಇಡಬೇಕೋ ನನಗೆ ತಿಳಿಯುತ್ತಿಲ್ಲ. ಮಜ್ಜಿಗೆ ಕಡೆಯುವಾಗ ನೊರೆ ಗಡಿಗೆಯ ಅಂಚಿಗೆ ಬಂದು ನಿಲ್ಲುತ್ತದಲ್ಲ, ಹಾಗೆ ಬಾಯಿಯ ತನಕ ಬಂದು ನಿಂತಿದೆ. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುತ್ತೇನೆ: ಕಿವಿ ನಮ್ಮಪ್ಪನದು, ಮೂಗು ಮಗಳದು, ಅಳುವ ದನಿ ಮಾತ್ರ ನನ್ನದೇ. ತೊಟ್ಟಿಲಿನ ಹಗ್ಗವನ್ನು ತೊಲೆಗೆ ನಾನೇ ಕಟ್ಟಿದೆ. ಅಳಿಯಂದಿರಿಗೆ ಮುದುಕಿಯ ಕೈಯ ಮೇಲೆ ನಂಬಿಕೆ ಬರಲಿಲ್ಲ. ಎಳೆದು ನೋಡಿದರು, ಜೋತುಬಿದ್ದು ನೋಡಿದರು. ಗಂಟು ಅಲುಗಲಿಲ್ಲ. ಆಮೇಲೆ ನಾನು ಒಂದು ತುದಿ ಹಿಡಿದು ಜಗ್ಗಿದೆ. ಗಂಟೇ ಇರಲಿಲ್ಲವೇನೋ ಎಂಬಂತೆ ಹಗ್ಗ ಬಿಚ್ಚಿಕೊಂಡು ಕೈಗೆ ಬಂತು. ಇದನ್ನು ಎಲ್ಲಿ ಕಲಿತಿರಿ ಎಂದು ಅವರು ಕೇಳಿದರು. ನಾನು ಶಾಲೆ ಬಿಟ್ಟವಳು ಬೇಗ. ಬರೆಯಲು ಕುಳಿತರೆ ಅಕ್ಷರಗಳು ಸಂತೆಗೆ ಬಂದ ಕುರಿಗಳ ಹಾಗೆ ಒಂದೊಂದು ಒಂದೊಂದು ಕಡೆ ಹೋಗುತ್ತವೆ. ಆದರೂ ಈ ಗಂಟಿನ ಸಂಗತಿ ನನ್ನ ಸಂಗಡ ಮಣ್ಣಾಗಬಾರದು. ಅದನ್ನು ಹೇಳಬೇಕಾದರೆ ಬೈಲಹೊಂಗಲದ ನಮ್ಮ ಹಳೆಯ ಮನೆಗೆ, ಪಡಸಾಲೆಯ ಹಗೇವಿನ ತನಕ ಹೋಗಬೇಕು.

ಹಗೇವು ಎಂದರೆ ನೆಲದೊಳಗಿನ ಕಾಳಿನ ಕೋಣೆ. ಬಾಯಿ ಒಬ್ಬ ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಸುತ್ತ ಜೋಳದ ಒಣದಂಟಿನ ಕಣಿಕೆ ಹಾಸಿ ಜೋಳ ಸುರಿದು, ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಜೋಳ ಚೀಲಗಳಿಗೆ ಹೋಗಿ ನಮ್ಮ ಹಗೇವು ಬರಿದಾಗಿತ್ತು. ಬರಿದಾದರೂ ಅದರ ಕಟ್ಟಳೆಗಳು ಬರಿದಾಗಿರಲಿಲ್ಲ. ಆ ಕಲ್ಲಿನ ಮೇಲೆ ಯಾರೂ ಮಲಗಬಾರದು, ಉಗುರು ತೆಗೆಯಬಾರದು, ಊಟದ ತಾಟು ಇಡಬಾರದು. ತೆರೆಯುವ ದಿನ ಹಗ್ಗಕ್ಕೆ ಹೊತ್ತಿಸಿದ ಕಂದೀಲು ಕಟ್ಟಿ ಮೊದಲು ಅದನ್ನು ಇಳಿಸಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ. ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೂ ಮೊದಲು ಮನೆಯ ಹಿರಿಯ ಹೆಣ್ಣುಮಗಳು ಬಾಯಿಗೆ ಬಗ್ಗಿ ಕೂಗಬೇಕು. ನಮ್ಮಲ್ಲಿ ಕೂಗುತ್ತಿದ್ದವಳು ಆಯಿ, ನಮ್ಮಪ್ಪನ ತಾಯಿ.

“ಒಳಗಿದ್ದವರು ಸರದ ನಿಂದರ್ರಿ. ನಮ್ಮ ಮಂದಿ ಬರಾಕತ್ತಾರ.”

ಒಳಗೆ ಯಾರಿದ್ದಾರೆ ಎಂದು ನಾನು ಕೇಳಿದರೆ ಅವ್ವ, ಹಾವು ಚೇಳು ಇದ್ದರೆ ಸರಿಯಲಿ ಎಂದು ಹಾಗೆ ಕೂಗುವುದು ಎನ್ನುತ್ತಿದ್ದಳು. ನಾನು ಅವ್ವನ ಮಾತನ್ನು ನಂಬಲಿಲ್ಲ. ಯಾಕೆಂದರೆ ಕೂಗಿದ ಮೇಲೆ ಆಯಿ ತಲೆ ಓರೆ ಮಾಡಿ, ಬಸ್ಸಿನಲ್ಲಿ ಯಾರೋ ಮುದುಕರು ನಿಧಾನವಾಗಿ ಸರಿದು ಜಾಗ ಬಿಡುವುದನ್ನು ಕಾಯುವವಳ ಹಾಗೆ ಕಾಯುತ್ತಿದ್ದಳು. ಆಮೇಲೆ ‘ಹೂಂ’ ಎನ್ನುತ್ತಿದ್ದಳು. ಹಾವಿಗೆ ಯಾರಾದರೂ ಹೂಂ ಅನ್ನುತ್ತಾರೆಯೇ?

ಅಪ್ಪನದು ಬೆಲ್ಲ ತರಿಸಿ ಮಾರಿಸಿಕೊಡುವ ಅಡತಿ ಅಂಗಡಿ. ಎಂ.ಕೆ. ಹುಬ್ಬಳ್ಳಿ, ಕಿತ್ತೂರು ಕಡೆಯ ಗಾಣಗಳಿಂದ ಬೆಲ್ಲದ ಪೆಂಟಿಗಳು, ಎಂದರೆ ತಲೆಯಷ್ಟು ದೊಡ್ಡ ಉಂಡೆಗಳು, ಗಾಡಿಗಳಲ್ಲಿ ಬಂದು ನಮ್ಮ ಹಿಂದಿನ ಕೋಣೆಯಲ್ಲಿ ಕೂಡುತ್ತಿದ್ದವು. ಆ ವರ್ಷ ಕಾರವಾರದ ದಲಾಲರೊಬ್ಬರು ಬಂದರು. ದುಬೈ ಕಡೆಗೆ ನಮ್ಮವರು ಕೂಲಿಗೆಂದು ಹೋಗಲು ಹತ್ತಿದ್ದ ಕಾಲ ಅದು. ಅವರಿಗೆ ಅಲ್ಲಿ ಬೆಲ್ಲ ಬೇಕಾಗಿತ್ತು. ಬೆಲ್ಲ ಸಮುದ್ರ ದಾಟಬೇಕು. ನಮ್ಮ ಮನೆಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ನಾವು ಕಂಡ ದೊಡ್ಡ ನೀರೆಂದರೆ ಸವದತ್ತಿಯ ಕಡೆ ಹೊಳೆಗೆ ಕಟ್ಟಿದ ಆಣೆಕಟ್ಟಿನ ಹಿಂದೆ ನಿಂತದ್ದು, ಅಷ್ಟೇ.

ದಲಾಲರು ಝುಣಕ ರೊಟ್ಟಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ದಾರಿಗಳನ್ನು ಬಿಡಿಸಿ ಹೇಳಿದರು. ಒಂದು, ಹೊಗೆಯ ಹಡಗು. ಅದಕ್ಕೆ ಅವರು ಆಗಬೋಟಿ ಎನ್ನುತ್ತಿದ್ದರು. ಬೆಲ್ಲವನ್ನು ರೈಲಿನಲ್ಲಿ ಮುಂಬಯಿಗೆ ಒಯ್ದು ಅದರ ಹೊಟ್ಟೆಯೊಳಗೆ ತುಂಬಬೇಕು. ಬೇಗ ಮುಟ್ಟುತ್ತದೆ, ಗಾಳಿಯ ಹಂಗಿಲ್ಲ, ಕಾಗದ ಹೋದರೆ ಸಾಕು, ಮನುಷ್ಯ ಹೋಗಬೇಕಾಗಿಲ್ಲ. ಆದರೆ ಒಳಗೆ ಧಗೆ, ಮೇಲೆ ಕೆಳಗೆ ಯಾರ ಯಾರದೋ ಮಾಲು. ಇನ್ನೊಂದು, ಕಾರವಾರದಿಂದ ಹೋಗುವ ಹಾಯಿ ಹಡಗು. ಇಡೀ ಹಡಗು ನಮ್ಮ ಬೆಲ್ಲಕ್ಕೇ. ಗಾಳಿ ಬಂದಾಗ ಹೋಗುತ್ತದೆ, ನಿಂತಾಗ ನಿಲ್ಲುತ್ತದೆ. ಮಾಲಿನ ಸಂಗಡ ಮಾಲಿನ ಮನೆಯವನೊಬ್ಬ ಹೋಗುವುದು ವಾಡಿಕೆ. ಮೂರನೆಯದೊಂದು ಹೊಸತು ಬರುತ್ತಿದೆ ಎಂದರು: ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ, ಈ ದಂಡೆಯಲ್ಲಿ ಕೀಲಿ ಹಾಕಿದರೆ ಆ ದಂಡೆಯಲ್ಲಿಯೇ ತೆಗೆಯುವುದು. ಆಯಿ ಅಷ್ಟು ಹೊತ್ತು ಬತ್ತಿ ಹೊಸೆಯುತ್ತ ಕುಳಿತಿದ್ದವಳು ತಲೆ ಎತ್ತಿದಳು.

“ಒಳಗ ಯಾರರ ಉಳದ್ರ?”

ದಲಾಲರು ನಕ್ಕರು. ಆಯಿ ನಗಲಿಲ್ಲ. ಕಬ್ಬಿಣದ ಪೆಟ್ಟಿಗೆಯ ಮಾತು ಅಲ್ಲಿಗೇ ಮುಗಿಯಿತು.

ಉಳಿದದ್ದು ಎರಡು. ಅಪ್ಪನಿಗೆ ಆಗಬೋಟಿ ಬೇಕಾಗಿತ್ತು. ಹಾಯಿ ಹಡಗು ಬೇಕಾಗಿದ್ದವನು ಬಾಳಕಾಕಾ, ಅಪ್ಪನ ತಮ್ಮ. ಹಾಯಿ ಹಡಗು ಎಂದು ನಿಶ್ಚಯವಾದರೆ ಸಂಗಡ ಹೋಗುವವನು ಅವನೇ ತಾನೆ. ಕಾಕಾನಿಗೆ ಇನ್ನೂ ಲಗ್ನವಾಗಿರಲಿಲ್ಲ. ಮನೆಯಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಸಂತೆ ತೋರಿಸುತ್ತಿದ್ದವನು ಅವನೊಬ್ಬನೇ. ಯಾವ ಕೆಲಸ ಹೇಳಿದರೂ ನಗುತ್ತ ಹೋಗಿ ನಗುತ್ತ ಕೆಡಿಸಿ ಬರುತ್ತಿದ್ದ. ಅವನು ಕಟ್ಟಿದ ಕರು ಕಟ್ಟಿದಲ್ಲಿ ಎಂದೂ ನಿಂತದ್ದಿಲ್ಲ. ಅವನ ಕೈಯ ಗಂಟು ಗಾಳಿಗೆ ಬಿಚ್ಚುತ್ತದೆ ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ಅಂಥವನನ್ನು ನೀರಿನ ಮೇಲೆ ಕಳಿಸುವುದೇ? ಊಟಕ್ಕೆ ಕುಳಿತಾಗಲೆಲ್ಲ ಇದೇ ಜಗಳ. ಅಪ್ಪ ರೊಟ್ಟಿ ಮುರಿಯುವ ಸಪ್ಪಳದಲ್ಲಿಯೇ ಸಿಟ್ಟು ತೋರಿಸುತ್ತಿದ್ದ. ಕಾಕಾ ಖಾರ ಹಚ್ಚಿಕೊಂಡು, ನಾನೇನು ಬೇರೆ ಮನೆ ಕೇಳಿದೆನೇ, ಹೊಲ ಕೇಳಿದೆನೇ, ಒಂದು ಸಲ ಸಮುದ್ರ ಕೇಳಿದೆ ಎನ್ನುತ್ತಿದ್ದ. ಕಡೆಗೆ ಆಯಿ ನಡುವೆ ಬಂದಳು.

“ನೀವಿಬ್ಬರೂ ಬಾಯಿ ಮುಚ್ಚರಿ. ಬೆಲ್ಲನ ಹೇಳಲಿ.”

ಅವಳ ಲೆಕ್ಕಾಚಾರ ಹೀಗಿತ್ತು. ಆಗಬೋಟಿಯ ಹೊಟ್ಟೆ ಎಂದರೆ ಮುಚ್ಚಿದ ಜಾಗ, ಹಗೇವಿನ ಹಾಗೆ. ಹಾಯಿ ಹಡಗು ಎಂದರೆ ನೀರಿನ ಮೇಲಿನ ದೊಡ್ಡ ಚಕ್ಕಡಿ ಗಾಡಿ; ಮೇಲೆ ಚಾಪೆ, ಅದರ ಮೇಲೆ ಆಕಾಶ. ಒಂದೇ ಗಾಣದ, ಒಂದೇ ದಿನದ ಎರಡು ಪೆಂಟಿ ತೆಗೆದು ಒಂದನ್ನು ಹಗೇವಿನಲ್ಲಿ ಇಟ್ಟು ಬಾಯಿಗೆ ಮಣ್ಣು ಮೆತ್ತುವುದು, ಇನ್ನೊಂದನ್ನು ಮಾಳಿಗೆಯ ಮೇಲೆ ಚಾಪೆಯ ಕೆಳಗೆ ಇಡುವುದು. ಅಮಾವಾಸ್ಯೆಗೆ ತೆಗೆದು ನೋಡುವುದು. ಯಾವುದು ಬೆವರದೆ ಉಳಿಯಿತೋ ಆ ದಾರಿ. ದೇವರ ಮುಂದೆ ವಿಭೂತಿ ಮುಟ್ಟಿ ಇದಕ್ಕೆ ತಪ್ಪುವುದಿಲ್ಲ ಎಂದಳು. ಹಗೇವು ನೆಲದಲ್ಲಿದೆ, ಹಡಗು ನೀರಿನಲ್ಲಿದೆ, ಅದು ಹೇಗೆ ಸರಿಹೋಗುತ್ತದೆ ಎಂದು ಅಪ್ಪ ಕೇಳಿದ್ದಕ್ಕೆ, ಗಾಳಿ ಇಲ್ಲದಲ್ಲಿ ಗಾಳಿ ಇಲ್ಲ, ಅದು ಎಲ್ಲಿದ್ದರೇನು ಎಂದಳು. ಕಾಕಾ ಹಗೇವಿಗೆ ಇಳಿದು ಪೆಂಟಿ ಇಟ್ಟು ಬಂದ. ಗುರುತಿಗೆಂದು ಅದರ ನೆತ್ತಿಗೆ ಒಂದು ಬಿಲ್ವದ ಎಲೆ ಒತ್ತಿದ್ದೆ. ಒತ್ತಿದವಳು ನಾನೇ, ಈಗಲೂ ಹೆಬ್ಬೆರಳಿಗೆ ಆ ಮೆತ್ತಗಿನ ಬೆಲ್ಲ ನೆನಪಿದೆ.

ಆಮೇಲಿನ ದಿನಗಳಲ್ಲಿ ಮನೆ ಮನೆಯ ಹಾಗಿರಲಿಲ್ಲ. ಕಲ್ಲಿನ ಸುತ್ತ ಮೆತ್ತಿದ ಮಣ್ಣು ಬಿಸಿಲಿನ ದಿನಗಳಲ್ಲಿಯೂ ಒಣಗಲಿಲ್ಲ. ಬೆಳಿಗ್ಗೆ ಅವ್ವ ಮುಟ್ಟಿ ನೋಡಿದರೆ ಆಗ ತಾನೇ ಕಲಸಿದ ಹಾಗೆ ಇರುತ್ತಿತ್ತು. ಪಡಸಾಲೆಯ ಸರಪಳಿಯ ತೂಗುದೀಪ, ಬಾಗಿಲು ಹಾಕಿದ್ದರೂ, ಅತ್ತ ಇತ್ತ ಸಣ್ಣಗೆ ತೂಗುತ್ತಿತ್ತು. ನಡು ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ನಾನು ಬರಿಗಾಲಿನಲ್ಲಿ ಆ ಕಲ್ಲಿನ ಹತ್ತಿರ ನಿಂತರೆ, ಮಲಗಿದ ಎತ್ತಿನ ಪಕ್ಕೆಗೆ ಕಾಲು ಇಟ್ಟಂತೆ ಆಗುತ್ತಿತ್ತು. ನೆಲ ಮೇಲೆ ಬರುತ್ತಿತ್ತು, ಕೆಳಗೆ ಹೋಗುತ್ತಿತ್ತು. ಮತ್ತೆ ಒಂದು ನಾತ. ಮೊದಲು ಅವ್ವ ಇಲಿ ಸತ್ತಿದೆ ಎಂದು ಗೂಡು ಗೂಡು ಹುಡುಕಿದಳು. ಅಪ್ಪ ಗಟಾರ ತೊಳೆಸಿದ. ನಾತ ಹೋಗಲಿಲ್ಲ. ಅಮಾವಾಸ್ಯೆಗೆ ಮಾತು ಮುಗಿಸಲು ಬಂದ ದಲಾಲರು ಹೊಸ್ತಿಲು ದಾಟಿದವರೇ ನಿಂತುಬಿಟ್ಟರು.

“ಏನ್ರಿ ಇದು, ನಮ್ಮೂರ ದಂಡಿ ಮ್ಯಾಲೆ ನಿಂತಂಗಾಯ್ತಲ್ಲ. ಮೀನು ಒಣಗಿಸಿದ ವಾಸನಿ.”

ನಮ್ಮದು ಲಿಂಗ ಕಟ್ಟಿದವರ ಮನೆ. ಅವ್ವ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಹೋದಳು. ಕಾಕಾ ಮಾತ್ರ ಕಟ್ಟಳೆ ಮುರಿದು ಆ ಕಲ್ಲಿನ ಮೇಲೆ ಬೋರಲು ಮಲಗಿ ಕಿವಿ ಹಚ್ಚಿದ. ಏನು ಕೇಳುತ್ತದೆ ಎಂದು ನಾನು ಕೇಳಿದರೆ ನನ್ನ ತಲೆ ಸವರಿದ. ಅವನು ನಗದೆ ಇದ್ದದ್ದನ್ನು ನಾನು ಮೊದಲ ಸಲ ಕಂಡೆ.

ಅವತ್ತು ಹೊತ್ತು ನೆತ್ತಿಗೆ ಬಂದಾಗ ಹಗೇವು ತೆರೆದರು. ಆಯಿ, ಅಪ್ಪ, ಕಾಕಾ, ದಲಾಲರು ಎಲ್ಲರೂ ಸುತ್ತ ನಿಂತಿದ್ದರು. ನಾನು ಆಯಿಯ ಸೆರಗು ಹಿಡಿದಿದ್ದೆ. ಅಪ್ಪ ಕಲ್ಲು ಸರಿಸಿದ. ಆಯಿ ಬಗ್ಗಿ ಕೂಗಿದಳು, ಕಾದಳು. ಹೂಂ ಎನ್ನಲಿಲ್ಲ. ಮತ್ತೆ ಕೂಗಿದಳು. ಆಮೇಲೆ ಕಂದೀಲು ಇಳಿಸು ಎಂದು ಅಪ್ಪನಿಗೆ ಕೈಸನ್ನೆ ಮಾಡಿದಳು. ದೀಪ ಬಾಯಿ ದಾಟಿತು, ಕತ್ತಲೆಯಲ್ಲಿ ಕುಂಕುಮದ ಬೊಟ್ಟಿನಷ್ಟಾಯಿತು, ಆರಿತು. ಗಾಳಿ ಕೆಟ್ಟಿತ್ತು; ಯಾರೂ ಇಳಿಯುವಂತಿರಲಿಲ್ಲ. ಅಪ್ಪ ಹಗ್ಗ ಎಳೆಯತೊಡಗಿದ, ನಿಂತ, ಆಯಿಯ ಮುಖ ನೋಡಿದ. ಹಗ್ಗ ಭಾರವಾಗಿತ್ತು. ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ ಎರಡೂ ಕೈಯಿಂದ ಎಳೆದ. ಮೇಲೆ ಬಂದದ್ದು ಆರಿದ ಕಂದೀಲು, ಅದರ ಕೆಳಗೆ ಹಗ್ಗದ ತುದಿಗೆ ಕಟ್ಟಿದ ಬೆಲ್ಲದ ಪೆಂಟಿ.

ಯಾರೂ ಇಳಿದಿರಲಿಲ್ಲ. ಇಳಿಯಬೇಕಾದವರೆಲ್ಲ ಅಲ್ಲೇ ನಿಂತಿದ್ದೆವು. ಪೆಂಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು; ನೆತ್ತಿಯ ಎಲೆ ಆ ನೀರಿಗೆ ಕಳಚಿ ಹೋಗಿರಬೇಕೆಂದು ನಾನು ತಿಳಿದೆ. ಆಯಿ ಬೆರಳು ಹಚ್ಚಿ ನಾಲಿಗೆಗೆ ಮುಟ್ಟಿಸಿದಳು.

“ಉಪ್ಪು.”

ಅಪ್ಪ ಕಂದೀಲು ಬಿಟ್ಟು ಕಲ್ಲನ್ನು ಗರಗರ ಎಳೆದು ಬಾಯಿಗೆ ಮುಚ್ಚಿದ. ಮಾಳಿಗೆಯ ಪೆಂಟಿ ತಂದರು. ಅದು ಒಣಗಿ ಕಲ್ಲಿನ ಹಾಗಿತ್ತು, ಒಂದೆರಡು ಇರುವೆ ಬಿಟ್ಟರೆ ಏನೂ ಆಗಿರಲಿಲ್ಲ. ಮುಚ್ಚಿದ್ದು ಬೆವರಿತ್ತು, ತೆರೆದದ್ದು ಉಳಿದಿತ್ತು. ಆಯಿ ಎರಡೂ ಪೆಂಟಿಗಳನ್ನು ಮುಟ್ಟಿ ನೋಡಿದಳು. ವಿಭೂತಿ ಮುಟ್ಟಿ ಆಡಿದ ಮಾತು; ಮಗನನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕೆಂದು ಅವಳಿಗೆ ಎಷ್ಟು ಆಸೆ ಇತ್ತೆಂದು ನಮಗೆಲ್ಲ ಗೊತ್ತಿತ್ತು.

“ಹಾಯಿ ಹಡಗ. ಬಾಳ್ಯಾ ಹೋಗಲಿ.”

ಕಾಕಾ ಕುಣಿಯಲಿಲ್ಲ. ಹಗ್ಗದ ಗಂಟನ್ನು ನೋಡುತ್ತ ನಿಂತಿದ್ದ. ಅಂಥ ಗಂಟು ನಮ್ಮಲ್ಲಿ ಯಾರೂ ಕಟ್ಟುವುದಿಲ್ಲ: ದನದ ಕಣ್ಣಿಯದಲ್ಲ, ಹೊರೆಯದಲ್ಲ, ತೊಟ್ಟಿಲಿನದಲ್ಲ. ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತಿತ್ತು. ಕೊಯ್ಯಬೇಕೆಂದರೆ ಆಯಿ ಬಿಡಲಿಲ್ಲ. ಹಗ್ಗದ ಸಮೇತ ಆ ಪೆಂಟಿಯನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿದಳು. ಅದಕ್ಕೆ ಇರುವೆ ಮುತ್ತಲೇ ಇಲ್ಲ. ಬೆಲ್ಲವನ್ನು ಇರುವೆ ಬಿಟ್ಟದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಶಿವರಾತ್ರಿ ಕಳೆದ ಮೇಲೆ ಲಾರಿಗಳು ತುಂಬಿದವು. ಕಾಕಾ ಮುಂದಿನ ಲಾರಿಯಲ್ಲಿ ಡ್ರೈವರನ ಪಕ್ಕ ಕುಳಿತು ಕಿತ್ತೂರಿನ ಕಡೆ ಹೋದ. ನಾನು ತಿರುವಿನ ತನಕ ಓಡಿದೆ. ಅವನು ಟವೆಲ್ ಬೀಸಿದ.

ಅವನು ಹೋದ ಮೇಲೆ ನಾತ ನಿಂತಿತು, ದೀಪ ತೂಗುವುದು ನಿಂತಿತು. ಅವ್ವನಿಗೆ ಮಾತ್ರ ಆ ಹಗೇವಿನ ಹತ್ತಿರ ಹೋಗಲು ಧೈರ್ಯವಿರಲಿಲ್ಲ. ಅದನ್ನು ಕಲ್ಲು ಮಣ್ಣು ಹಾಕಿ ತುಂಬಿಸೆಂದು ಅಪ್ಪನ ಬೆನ್ನು ಹತ್ತಿದಳು. ಹೋಳಿ ಹುಣ್ಣಿಮೆಯ ನಂತರ ಅಪ್ಪ ಬಾಯಿ ತೆರೆದು ಗಾಳಿಗೆ ಬಿಟ್ಟ. ಕಂದೀಲು ಇಳಿಸಿದರೆ ಚೆನ್ನಾಗಿ ಉರಿಯಿತು. ತುಂಬುವ ಮೊದಲು ನೋಡೋಣವೆಂದು ತಾನೇ ಇಳಿದ. ಮೇಲೆ ಬಂದಾಗ ಅವನ ಕೈಯಲ್ಲಿ ಒಂದು ಬೆಲ್ಲದ ಪೆಂಟಿ ಇತ್ತು. ಒಣಗಿ ಗಟ್ಟಿಯಾಗಿತ್ತು. ನೆತ್ತಿಯ ಮೇಲೆ ನಾನು ಒತ್ತಿದ ಬಿಲ್ವದ ಎಲೆ ಕಂದು ಬಣ್ಣಕ್ಕೆ ತಿರುಗಿ ಹಾಗೆಯೇ ಅಂಟಿಕೊಂಡಿತ್ತು. ನಾವೆಲ್ಲ ಗೂಟದ ಕಡೆ ನೋಡಿದೆವು.

“ಹಂಗಾರ ಅದು ಯಾರದು?” ಎಂದಳು ಅವ್ವ.

ಒಂದು ಮಾತು ಮಾತ್ರ ಎಲ್ಲರಿಗೂ ತಿಳಿಯಿತು: ಮುಚ್ಚಿದ ಬೆಲ್ಲವೂ ಬೆವರಿರಲಿಲ್ಲ. ಹಗೇವು ಹಾಯಿ ಹಡಗಿಗೆ ಕಳಿಸು ಎಂದು ಹೇಳಿಯೇ ಇರಲಿಲ್ಲ. ಆಗಬೋಟಿಗೆ ಕಳಿಸಿದ್ದರೆ ಕಾಕಾ ನಮ್ಮ ಸಂಗಡ ಕುಳಿತು ಹೋಳಿಗೆ ತಿನ್ನುತ್ತಿದ್ದ. ಆಯಿ ಅವತ್ತಿನಿಂದ ಸರಿಯಾಗಿ ಉಣ್ಣಲಿಲ್ಲ. ಹಗೇವು ತುಂಬಲು ಬಿಡಲಿಲ್ಲ, ಮುಚ್ಚಲೂ ಬಿಡಲಿಲ್ಲ. ದಿನಾ ಮಧ್ಯಾಹ್ನ ಅದರ ಬಾಯಿಯ ಹತ್ತಿರ ಕುಳಿತು ಒಳಕ್ಕೆ ಬಗ್ಗಿ ಅದೇ ಮಾತು ಕೂಗುತ್ತಿದ್ದಳು: ಒಳಗಿದ್ದವರು ಸರದ ನಿಂದರ್ರಿ. ಯಾರೂ ಇಳಿಯುವುದಿಲ್ಲವಲ್ಲ ಆಯಿ, ಯಾಕೆ ಕೂಗುತ್ತೀ ಎಂದರೆ, ಬೇರೆ ಏನು ಕೂಗಲಿ, ನನಗೆ ಬರುವುದು ಇದೊಂದೇ ಎನ್ನುತ್ತಿದ್ದಳು. ಬಿಸಿಲಿನಲ್ಲಿ ಓಣಿ ಸುಮ್ಮನೆ ಬಿದ್ದಿರುತ್ತಿತ್ತು. ಆ ದನಿ ನೆಲದೊಳಗೆ ಹೋಗಿ ತಿರುಗಿ ಬರುತ್ತಿರಲಿಲ್ಲ. ಬೇರೆ ಬಾವಿಗೆ ಕೂಗಿದರೆ ತಿರುಗಿ ಬರುತ್ತದೆ. ಇದು ಎಲ್ಲಿಗೋ ಹೋಗಿ ಮುಟ್ಟುತ್ತಿತ್ತು.

ಮಳೆ ಹಿಡಿಯುವ ಮೊದಲು ಹಾಯಿ ಹಡಗುಗಳೆಲ್ಲ ದಂಡೆಗೆ ತಿರುಗಬೇಕು ಎಂದು ದಲಾಲರು ಹೇಳಿದ್ದರು. ಕಾರ ಹುಣ್ಣಿಮೆ ಹತ್ತಿರ ಬಂತು, ಎತ್ತುಗಳ ಕೊಂಬಿಗೆ ಬಣ್ಣ ತಂದರು, ಸುದ್ದಿ ಇಲ್ಲ. ಒಂದು ದಿನ ನಾನು ಕಟ್ಟೆಯ ಮೇಲೆ ಕುಳಿತಿದ್ದಾಗ ಬಸ್ ಸ್ಟ್ಯಾಂಡಿನ ಕಡೆಯಿಂದ ಕಪ್ಪಗೆ ಬಡಕಲಾದ ಮನುಷ್ಯ ಬಂದ. ಟವೆಲ್ ಬೀಸಿದ ಮೇಲೆಯೇ ನನಗೆ ಗುರುತು ಸಿಕ್ಕಿತು. ನಾನು ಕೂಗಿದ ಕೂಗಿಗೆ ಓಣಿಯವರೆಲ್ಲ ಹೊರಗೆ ಬಂದರು. ಇವತ್ತು ಮೊಮ್ಮಗನನ್ನು ಎತ್ತಿಕೊಂಡಾಗ ಎದೆಯಲ್ಲಿ ಏನಾಗುತ್ತದೋ ಅವತ್ತೂ ಅದೇ ಆಯಿತು.

ಊಟಕ್ಕೆ ಕುಳಿತ ಮೇಲೆ ಆಯಿ ಕೇಳಿದ ಮೊದಲ ಮಾತು, ಬೆಲ್ಲದ ಮೇಲೆ ಚಾಪೆ ಚೆನ್ನಾಗಿ ಹೊದಿಸಿದ್ದರೇ ಎಂದು. ಕಾಕಾ ಅವಳ ಮುಖ ನೋಡಿದ.

“ಯವ್ವಾ, ಹಾಯಿ ಹಡಗಿಗೂ ಹೊಟ್ಟಿ ಇರತೈತಿ. ಬೆಲ್ಲ ಇಟ್ಟಿದ್ದು ಅದರಾಗ, ಹಲಗಿ ಮುಚ್ಚಿ. ಥೇಟ್ ನಮ್ಮ ಹಗೇವು.”

ನಾವು ಅದನ್ನು ಚಕ್ಕಡಿ ಎಂದು ತಿಳಿದಿದ್ದೆವು. ಹಡಗಿಗೆ ಹೊಟ್ಟೆ ಇರುತ್ತದೆಂದು ದಲಾಲರು ಹೇಳಿರಲಿಲ್ಲ. ಅದು ಗೊತ್ತಿಲ್ಲದವರೂ ಜಗತ್ತಿನಲ್ಲಿ ಇರುತ್ತಾರೆಂದು ಅವರಿಗೆ ಹೇಗೆ ಹೊಳೆಯಬೇಕು? ಕಾಕಾ ನಿಧಾನವಾಗಿ ಹೇಳಿದ. ನಡುನೀರಿನಲ್ಲಿ ಗಾಳಿ ಬಿದ್ದುಹೋಗಿ ಹಾಯಿ ಒಣಗಹಾಕಿದ ಸೀರೆಯ ಹಾಗೆ ಜೋತುಬಿದ್ದಿತ್ತು. ಕೆಳಗಿನಿಂದ ಬೆಲ್ಲ ಹುಳಿತ ವಾಸನೆ ಬಂತು. ನೋಡಿ ಬರುತ್ತೇನೆಂದು ಒಬ್ಬನೇ ಇಳಿದ. ದೀಪ ಇಳಿಸುವುದು ಮರೆತ. ತಳದಲ್ಲಿ ಮೊಣಕಾಲಿನ ತನಕ ನೀರು. ಒಂದು ಪೆಂಟಿ ಕೈಗೆ ತೆಗೆದುಕೊಂಡು ಮೂಸಿದ್ದಷ್ಟೇ ನೆನಪು; ಕಾಲು ಕುಸಿದವು, ದನಿ ಹೊರಡಲಿಲ್ಲ.

“ಮ್ಯಾಲ ನೀ ಒದರಿದ್ದು ಕೇಳಿತು. ಆಮ್ಯಾಲ ಹಗ್ಗ ಬಂತು. ತುದಿಗೆ ಕಂದೀಲ ಇತ್ತು, ಆರಿದ್ದು. ಆರಿದ ದೀಪ ಯಾಂವ ಇಳಸ್ಯಾನ ಅನಿಸ್ತು. ನನ್ನ ಕಟಗೊಳ್ಳಾಕ ತ್ರಾಣ ಇರಲಿಲ್ಲ. ಕೆಳಗ ಒಬ್ಬಾಂವ ಅದಾನ ಅಂತ ತಿಳೀಲಿ ಅಂತ ಪೆಂಟಿ ಕಟ್ಟಿದೆ. ಅದು ಹೋತು. ಆಮ್ಯಾಲ ಕಲ್ಲ ಎಳದ ಸಪ್ಪಳಾತು, ಕತ್ತಲಾತು.”

ಅಪ್ಪ ತಾಟಿನಿಂದ ಕೈ ತೆಗೆದ. ಅವತ್ತು ಕಲ್ಲು ಎಳೆದು ಮುಚ್ಚಿದವನು ಅವನೇ. ಆಯಿ, ಮುಂದೆ ಹೇಳು ಎಂದಳು.

“ಮುಂದೇನ. ಮತ್ತ ನೀ ಒದರಿದಿ, ಸರದ ನಿಂದರ್ರಿ ಅಂತ. ಸಣ್ಣಾಂವ ಇದ್ದಾಗಿಂದ ಕೇಳಿದ ಮಾತು. ಮೈ ತಾನ ಸರೀತು. ಸರದಲ್ಲಿ ಬೆನ್ನಿಗೆ ನಿಚ್ಚಣಿಕಿ ಹತ್ತಿತು.”

ಹಡಗಿನವರು ತಾವು ಯಾವ ಹಗ್ಗವನ್ನೂ ಇಳಿಸಿಲ್ಲ, ಬಾಯಿ ಮುಚ್ಚಿಯೂ ಇಲ್ಲ ಎಂದರಂತೆ. ಯಾರೋ ಮುದುಕಿ ಕೂಗಿದಂತಾಯಿತು ಎಂದು ಮಾತ್ರ ಒಬ್ಬ ಹೇಳಿದನಂತೆ.

ಆಯಿ ಗೂಟದ ಕಡೆ ಕೈ ತೋರಿಸಿದಳು. ಕಾಕಾ ಎದ್ದು ಹೋಗಿ ಹಗ್ಗ ಹಿಡಿದ. ಅವ್ವ ಸೂಜಿ, ಬಾಚಣಿಗೆಯ ಹಲ್ಲು, ಏನೆಲ್ಲ ಹಾಕಿ ಬಿಚ್ಚಲಾರದೆ ಸೋತ ಗಂಟು ಅದು. ಅವನು ನೋಡಲೂ ಇಲ್ಲ. ಅಂಗಿಯ ಗುಂಡಿ ತೆಗೆಯುವವನ ಹಾಗೆ ಒಂದು ತುದಿ ಹಿಡಿದು ಜಗ್ಗಿದ. ಪೆಂಟಿ ಇನ್ನೊಂದು ಕೈಗೆ ಬಿತ್ತು. ಕಟ್ಟಿದ ಕರು ನಿಲ್ಲದವನು, ತನ್ನ ಕೈಗಳನ್ನೇ ನೋಡುತ್ತ ನಿಂತ.

“ಇದು ನಾ ಹಡಗಿನ್ಯಾಗ ಕಲ್ತ ಗಂಟು, ಯವ್ವಾ.”

“ಗೊತ್ತಾತು,” ಎಂದಳು ಆಯಿ. “ಕುಂತು ಉಣ್ಣು.”

ಮುಂದಿನ ಸುಗ್ಗಿಯ ಬೆಲ್ಲ ಆಗಬೋಟಿಯಲ್ಲಿ ಹೋಯಿತು. ಯಾವ ದಾರಿ ಎಂದು ಆ ಸಲ ಯಾರೂ ಬೆಲ್ಲವನ್ನು ಕೇಳಲಿಲ್ಲ. ಕಾಕಾ ಮನೆಯಲ್ಲಿಯೇ ಉಳಿದ, ಲಗ್ನವಾದ, ಓಣಿಯ ತೊಟ್ಟಿಲುಗಳನ್ನೆಲ್ಲ ಕಟ್ಟಿಕೊಟ್ಟ, ನನಗೂ ಆ ಗಂಟು ಕಲಿಸಿದ.

ಹೋದ ಸೋಮವಾರ ಹೆಂಗಸರು ಮಗುವನ್ನು ತಂದು ನನ್ನ ಕೈಗೆ ಕೊಟ್ಟರು. ಹಾಡು ಶುರುವಾಗುವುದರಲ್ಲಿತ್ತು. ಒಂದು ಗಳಿಗೆ ತಡೆಯಿರಿ ಎಂದೆ. ಬರಿದಾದ ತೊಟ್ಟಿಲಿಗೆ ಬಗ್ಗಿ, ಮೆಲ್ಲಗೆ, ಆಯಿ ಕೂಗುತ್ತಿದ್ದ ಮಾತು ಹೇಳಿದೆ. ತಲೆ ಓರೆ ಮಾಡಿ ಕಾದೆ. ತೊಟ್ಟಿಲು ಒಂದು ಕಡೆಗೆ ಸಣ್ಣಗೆ ವಾಲಿ, ಮತ್ತೆ ನೆಟ್ಟಗಾಯಿತು.

ಹೂಂ ಎಂದು ಮಗುವನ್ನು ಮಲಗಿಸಿದೆ.